ನಷ್ಟ ಬೇಕಾಗಿದೆ

ಮಾರ್ಚ್ ಇಪ್ಪತ್ತೇಳು. ಹಾಸನ, ಬಿ.ಎಂ. ರಸ್ತೆ,
ಪೈಪು ನಲ್ಲಿ ಮಾರುವ ಅಂಗಡಿಯ ಮೇಲ್ಮಹಡಿ.
ಫ್ಯಾನು ತಿರುಗಿದರೆ ಗಾಳಿ ಬರುವುದಿಲ್ಲ,
ಕಾಗದಗಳ ಮೂಲೆಯಷ್ಟೇ ಏಳುತ್ತದೆ.
ಒಂಬತ್ತೂಕಾಲಿಗೆ ಪರದೆ ಕೆಂಪಾಯಿತು.
ರಕ್ತ ಅನ್ನುವವರು ಟೀವಿಯಲ್ಲಿರುತ್ತಾರೆ;
ನನಗೆ ಕಾಣುವುದು ಚಾಪೆಯ ಮೇಲೆ ಹರವಿದ
ಮೆಣಸಿನಕಾಯಿ, ಸಾಲು ಸಾಲು.

ಆಡಿಟರ್ ನರಹರಿರಾಯರ ಫೋನು ಮೊದಲು:
"ಜಯಪಾಲ, ಡಾಕ್ಟರಿಗೆ ನಾಲ್ಕು ಲಕ್ಷ ನಷ್ಟ ಬೇಕಪ್ಪ.
ಮೂವತ್ತೊಂದರೊಳಗೆ. ಹುಡುಕು."
ಬಿತ್ತನೆ ಆಲೂಗೆಡ್ಡೆ ಕೇಳಿದ ಹಾಗೆ ಕೇಳುತ್ತಾರೆ.
ಹನ್ನೊಂದು ತಿಂಗಳು ಯಾರೂ ಮೂಸದ ನಷ್ಟಕ್ಕೆ
ಈ ವಾರ ಮಾತ್ರ ಗಿರಾಕಿ;
ಲಾಭದ ಕಾಲಿಗೆ ನೆಟ್ಟ ತೆರಿಗೆಯ ಮುಳ್ಳನ್ನು
ಇದೇ ಮುಳ್ಳಿನಿಂದ ತೆಗೆಯಬೇಕು.

ನಮ್ಮದು ಸುಲಭಕ್ಕೆ ಮಾರುವ ಊರಲ್ಲ.
ಅಮ್ಮನ ಗುಡಿ ಮುಚ್ಚಿ ವರ್ಷವಾದರೂ
ಒಳಗೆ ದೀಪ ಉರಿಯುತ್ತಲೇ ಇರುತ್ತದೆಂದು ನಂಬಿದ ಊರು.
ಟೈರ್ ಅಂಗಡಿಯ ಮುನೀರ್ ಸಾಹೇಬರೂ ಅದನ್ನೇ ಅನ್ನುತ್ತಾರೆ,
ನೂರಿಪ್ಪತ್ತಕ್ಕೆ ಕೊಂಡ ಕರೆಂಟ್ ಕಂಪನಿಯ ಬಗ್ಗೆ:
"ನೋಡಲೇಬೇಡ. ತೆಗೆಯದಿದ್ದರೆ ಆರೋದಿಲ್ಲ."
ಮಾರ್ಚ್ ಬಂದು ಇವರ ಬಾಗಿಲು ತೆಗೆಸುತ್ತದೆ.
ಒಳಗೆ
ಹದಿನೇಳು ಮುಕ್ಕಾಲು.

ಯಾಕೆ ಬೀಳುತ್ತಿದೆ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ.
ಡಾಲರು, ಯುದ್ಧ, ಹೊರದೇಶದವರು, ಇರಬಹುದು.
ಅವರ ವರ್ಷ ಡಿಸೆಂಬರಿಗೇ ಮುಗಿಯಿತು,
ಗಲ್ಲಾ ಮುಚ್ಚಿ ರಜೆಗೆ ಹೊರಟರು;
ಕೊಳ್ಳುವವರೂ ಇಲ್ಲದ ಆ ವಾರ
ಒಂದು ಕಲ್ಲಿಗೇ ಬಾವಿಯೆಲ್ಲ ಸದ್ದು.
ಈಗ ಮುಂಬಯಿಯ ಫಂಡಿನವರ ಸರದಿ:
ವರ್ಷದ ಕೊನೆಯ ಪಟ್ಟಿಯಲ್ಲಿ ಕಾಣಬಾರದೆಂದು
ಸೋತ ಕಂಪನಿಗಳನ್ನು ಸಾಗಿಸುತ್ತಾರೆ,
ಹೆಣ್ಣು ನೋಡಲು ಬರುವ ದಿನ
ಮುರಿದ ಕುರ್ಚಿ ಪಕ್ಕದ ಮನೆಗೆ ಹೋಗುವಂತೆ.
ಉಳಿದದ್ದು ನಾವು. ಮಗಳ ಕಾಲೇಜಿನ ಫೀಸು,
ಸೊಸೈಟಿಯ ಕಂತು,
ಮತ್ತೆ, ಯಾರೋ ಮಾರಿದರಂತೆ ಅಂತ ಮಾರಿದವರು.
ಇವರೇ ಜಾಸ್ತಿ.

ಹನ್ನೊಂದೂ ನಲವತ್ತಕ್ಕೆ ಇಂದ್ರಾಣಿ ಟೀಚರ್
ಛತ್ರಿ ಊರಿಕೊಂಡು ಮೆಟ್ಟಿಲು ಹತ್ತಿ ಬಂದರು.
ಏಳನೇ ಕ್ಲಾಸಿನಲ್ಲಿ ನನಗೆ ಬಡ್ಡಿಲೆಕ್ಕ ಕಲಿಸಿದವರು.
ಸಕ್ಕರೆ ಕಾರ್ಖಾನೆ, ಮುನ್ನೂರು ಷೇರು.
"ಇವತ್ತು ಮಾರಿ, ನಾಳೆ ಬೇಕಾದರೆ ಕೊಳ್ಳಿ ಅಂತೀಯ.
ಅದೇ ಕಂಪನಿ, ಅದೇ ಮುನ್ನೂರು, ಅಂದಾಜು ಅದೇ ಬೆಲೆ.
ಹಾಗಾದರೆ ನಾನು ಮಾರಿದ್ದೇನೋ?"

ಹಳೇ ವಿದ್ಯಾರ್ಥಿ ಬೋರ್ಡಿನ ಮುಂದೆ ನಿಂತ ಹಾಗೆ ನಿಂತೆ.
"ತಾರೀಖು, ಟೀಚರ್."

ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಕೂತರು.
"ಮೊದಲ ನೂರು ನಾನೂ ಅಕ್ಕನೂ ಒಟ್ಟಿಗೆ ತಗೊಂಡದ್ದು.
ಅವಳು ಹೋದ ಮೇಲೆ ಇನ್ನೂರು, ನಾನೊಬ್ಬಳೇ.
ಈ ಇನ್ನೂರು ಮಾರು. ಆ ನೂರು ಇರಲಿ."

"ಹಾಗೆ ಬರೋದಿಲ್ಲ ಟೀಚರ್.
ಮೊದಲು ಬಂದದ್ದೇ ಮೊದಲು ಹೋಗಬೇಕು.
ರೂಲ್ಸು."

"ಅದು ನನಗೆ ಗೊತ್ತಿಲ್ಲವೇನೋ," ಅಂದರು.
ಛತ್ರಿ ಎತ್ತಿಕೊಂಡರು.
ತೆರಿಗೆ ಎಷ್ಟಾದರೂ ಕಟ್ಟುತ್ತಾರಂತೆ.
ಇಳಿದು ಹೋಗುವಾಗ ಕೆಳಗಿನ ಅಂಗಡಿಯಲ್ಲಿ
ಒಂದು ನಲ್ಲಿಯ ವಾಷರ್ ಕೇಳಿದ್ದು ಕೇಳಿಸಿತು.

ಮಾರದೆ ಉಳಿದ ಮುನ್ನೂರು ಪರದೆಯ ಮೇಲೆಲ್ಲೂ ಇಲ್ಲ.
ಮಾರಿದ್ದಕ್ಕೆ ಮಾತ್ರ ಅಂಕಿ.

ಮೂರೂ ಇಪ್ಪತ್ತಕ್ಕೆ ಮುನೀರ್ ಸಾಹೇಬರು:
"ಮಾರಿಬಿಡು ಜಯಪಾಲ, ಪೂರ್ತಿ. ನನ್ನ ಕೇಳಬೇಡ."
ಮಾರಿದೆ.
ಮೂರೂ ಇಪ್ಪತ್ತೆಂಟಕ್ಕೆ ಮತ್ತೆ ಅವರೇ,
ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಮಲಗಿರುವ ಹಾಗೆ:
"ಈಗ ಎಷ್ಟಿದೆ?"